ಸೇಫ್ಟಿ ಎಲ್ಲಿತ್ತು, ಯಾವ ಕಡೆಗೆ ತಿರುಗುತ್ತಿತ್ತು?

ಮಾನ್ಯ ಸಂಪಾದಕರೇ,

‘ಪಿಸ್ತೂಲು ಸ್ವಚ್ಛಗೊಳಿಸುವಾಗ ಆಕಸ್ಮಿಕವಾಗಿ ಗುಂಡು ಹಾರಿ ಪೇದೆಗೆ ಗಾಯ’. ಇಂಥ ತಲೆಬರಹ ಆಗಾಗ ಯಾವುದಾದರೂ ಪತ್ರಿಕೆಯಲ್ಲಿ ಕಣ್ಣಿಗೆ ಬೀಳುತ್ತದೆ. ಕೆಳಗೆ ನಾಲ್ಕು ಸಾಲು. ಊರು, ಠಾಣೆ, ಆಸ್ಪತ್ರೆ, ಇಲಾಖಾ ವಿಚಾರಣೆ. ಅಲ್ಲಿಗೆ ಸುದ್ದಿ ಮುಗಿಯಿತು. ಪಿಸ್ತೂಲು ಯಾವ ಜಾತಿಯದು, ಅದರ ಸೇಫ್ಟಿ, ಅಂದರೆ ಗುಂಡು ಹಾರದಂತೆ ತಡೆಯುವ ಚಿಕ್ಕ ಲಿವರ್, ಎಲ್ಲಿತ್ತು, ಅದನ್ನು ಮೇಲಕ್ಕೆ ತಳ್ಳಬೇಕಿತ್ತೋ ಕೆಳಕ್ಕೋ, ಹಿಡಿದವರ ಬೆರಳು ಅದಕ್ಕೆ ಎಟುಕುತ್ತಿತ್ತೋ ಇಲ್ಲವೋ, ಇದೊಂದೂ ಇರುವುದಿಲ್ಲ. ನನ್ನಂಥವನಿಗೆ ಮೊದಲು ಬೇಕಾಗುವುದು ಅದೇ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಓದಿ.

ನಾನು ಸೇನೆಯಲ್ಲಿ 22 ವರ್ಷ ಆರ್ಮರರ್ ಆಗಿದ್ದವನು. ಆಯುಧ ಬಿಚ್ಚಿ, ಒರೆಸಿ, ರಿಪೇರಿ ಮಾಡಿ ಮತ್ತೆ ಜೋಡಿಸುವ ಕೆಲಸ. ನಿವೃತ್ತಿಯಾದ ಮೇಲೆ ಸದಾಶಿವಗಡದಲ್ಲಿ ಮನೆ ಮಾಡಿಕೊಂಡಿದ್ದೇನೆ. ಹುಟ್ಟಿದ್ದು ಅಂಕೋಲಾ ಕಡೆಯ ಹಳ್ಳಿಯಲ್ಲಿ. ಮತ್ತೆ, ನಾನು ಎಡಚ. ಚಿಕ್ಕವನಿದ್ದಾಗ ಭತ್ತ ಕೊಯ್ಯಲು ಹೋದರೆ ಕತ್ತಿ ನನ್ನ ಕೈಯಲ್ಲಿ ಜಾರುತ್ತಿತ್ತು. ಎಲ್ಲರೂ ಬೈಯುತ್ತಿದ್ದರು. ಒಂದು ದಿನ ಅಪ್ಪ ನನ್ನನ್ನು ಊರ ಆಚಾರಿಯ ಕುಲುಮೆಗೆ ಕರೆದುಕೊಂಡು ಹೋದರು. ಆಚಾರಿ ಕತ್ತಿಯನ್ನು ನನ್ನ ಕೈಗೆ ಕೊಟ್ಟು, ‘ಎಲ್ಲಿ, ಕೊಯ್ದ ಹಾಗೆ ಮಾಡು’ ಎಂದ. ನಾನು ಎಡಗೈಯಲ್ಲಿ ಬೀಸಿದೆ. ಅವನು ಕತ್ತಿ ಇಸಿದುಕೊಂಡು, ಬಾಯಿ ಯಾವ ಮಗ್ಗುಲಿಗೆ ಮಸೆದಿದೆ ಎಂದು ಬೆರಳಿಟ್ಟು ತೋರಿಸಿದ. ‘ಇದು ಬಲಗೈಯವರದ್ದು. ಇವನ ತಪ್ಪಲ್ಲ’ ಎಂದ. ಇನ್ನೊಂದು ಮಗ್ಗುಲಿಗೆ ಮಸೆದ ಕತ್ತಿ ಮಾಡಿಕೊಟ್ಟ. ಆ ವರ್ಷ ನಾನು ಗದ್ದೆಯಲ್ಲಿ ಯಾರಿಗೂ ಹಿಂದೆ ಬೀಳಲಿಲ್ಲ.

ಸೇನೆಯಲ್ಲಿ ನನ್ನನ್ನು ಯಾರೂ ಹಾಗೆ ಬೀಸಿಸಿ ನೋಡಲಿಲ್ಲ. ನಮಗೆ ಸಿಗುತ್ತಿದ್ದ ಪಿಸ್ತೂಲಿಗೆ ಕಾಗದದ ಮೇಲೆ ‘ಪಿಸ್ತೂಲ್ ಆಟೋ 9 ಎಂಎಂ 1ಎ’ ಎಂದು ಹೆಸರು. ಪಶ್ಚಿಮ ಬಂಗಾಳದ ಇಛಾಪುರದ ರೈಫಲ್ ಫ್ಯಾಕ್ಟರಿಯದು. ಅದರ ಮೂಲ 1935ರ ಬ್ರೌನಿಂಗ್ ಹೈಪವರ್. ಜಾನ್ ಬ್ರೌನಿಂಗ್ ಶುರುಮಾಡಿದ್ದು. ಅವನು 1926ರಲ್ಲಿ ತೀರಿಕೊಂಡ ಮೇಲೆ ಬೆಲ್ಜಿಯಂನ ಸೇವ್ ಎಂಬಾತ ಪೂರ್ತಿ ಮಾಡಿದ. ಒಳ್ಳೆಯ ಪಿಸ್ತೂಲು, 13 ಗುಂಡು ಹಿಡಿಯುತ್ತದೆ. ಆದರೆ ಅದರ ಸೇಫ್ಟಿ ಎಡಮಗ್ಗುಲಲ್ಲಿ ಮಾತ್ರ, ಅದೂ ಚಿಕ್ಕದು. ಬಲಗೈಯವರ ಹೆಬ್ಬೆರಳು ತಾನಾಗಿ ಅದರ ಹತ್ತಿರ ಕೂರುತ್ತದೆ. ನನ್ನ ಹೆಬ್ಬೆರಳು ಕೂರುವ ಮಗ್ಗುಲಲ್ಲಿ ಬರೀ ನುಣ್ಣನೆ ಕಬ್ಬಿಣ.

ತರಬೇತಿಯಲ್ಲಿ ಉಸ್ತಾದರು ‘ಬಲಗೈ ಹೆಬ್ಬೆರಳಿಂದ ತೆಗಿ’ ಎಂದರು. ಅಂದರೆ ಆಸರೆಗೆ ಹಿಡಿದ ಬಲಗೈಯ ಹೆಬ್ಬೆರಳನ್ನು ಸ್ಲೈಡಿನ, ಅಂದರೆ ಗುಂಡು ಹಾರಿದಾಗ ಹಿಂದೆ ಮುಂದೆ ಓಡುವ ಮೇಲ್ಭಾಗದ, ಹಿಂದಿನಿಂದ ದಾಟಿಸಿ, ಸೇಫ್ಟಿಯನ್ನು ಕೆಳಕ್ಕೆ ಒತ್ತಿ, ತಕ್ಷಣ ವಾಪಸ್ ತೆಗೆಯಬೇಕು. ಮೊದಲ ಸಲ ತೆಗೆದೆ. ಎರಡನೇ ಸಲ ಬೆರಳು ಅಲ್ಲೇ ಉಳಿಯಿತು. ಗುಂಡು ಹಾರಿತು, ಸ್ಲೈಡು ಹಿಂದಕ್ಕೆ ಬಂತು, ಹೆಬ್ಬೆರಳ ಗೆಣ್ಣಿನ ಚರ್ಮ ಸೀಳಿತು. ನೋವಿಗಿಂತ ಮೊದಲು ಹಿಡಿಯ ಮೇಲೆ ರಕ್ತ ಕಂಡೆ. ಪಿಸ್ತೂಲು ಕೆಳಗೆ ಬಿಡಲಿಲ್ಲ, ಅದೊಂದು ದೇವರ ದಯೆ. ವರದಿಯಲ್ಲಿ ‘ಅಜಾಗರೂಕತೆ’ ಎಂದು ಬರೆದರು. ಆ ಗಾಯದ ಗುರುತು ಇವತ್ತಿಗೂ ಇದೆ. ಅಜಾಗರೂಕತೆ ನನ್ನದೂ ಇತ್ತು, ಒಪ್ಪುತ್ತೇನೆ. ಆದರೆ ಬೆರಳನ್ನು ಆ ಜಾಗಕ್ಕೆ ಕಳಿಸಿದ್ದು ಯಾರು?

ಆಮೇಲೆ ಆರ್ಮರರ್ ಆದೆ. ಆಯುಧ ಇಡುವ ಕೋಣೆಯಲ್ಲಿ (ಸೇನೆಯಲ್ಲಿ ಅದಕ್ಕೆ ‘ಕೋತ್’ ಎನ್ನುತ್ತಾರೆ) ಕೂತು ನೂರಾರು ಪಿಸ್ತೂಲು ಬಿಚ್ಚಿದೆ. ಬಿಚ್ಚುತ್ತಾ ಹೋದ ಹಾಗೆ, ಈ ಲಿವರ್ ಎಲ್ಲಿಡಬೇಕು ಎನ್ನುವುದು ತಯಾರಕರಿಗೂ ಸುಲಭದ ಪ್ರಶ್ನೆಯಾಗಿರಲಿಲ್ಲ ಎಂದು ಅರ್ಥವಾಯಿತು. ಪಿಸ್ತೂಲಿನಲ್ಲಿ ಕೈ ಹಿಡಿಯುವ ಭಾಗ ಫ್ರೇಮು. ಅದರ ಮೇಲೆ ಹಿಂದೆ ಮುಂದೆ ಓಡುವುದು ಸ್ಲೈಡು. ಹೆಬ್ಬೆರಳು ಇರುವುದು ಫ್ರೇಮಿನ ಹತ್ತಿರ. ಗುಂಡಿಗೆ ಕುಟ್ಟುವ ಫೈರಿಂಗ್ ಪಿನ್ ಇರುವುದು ಸ್ಲೈಡಿನ ಒಳಗೆ. ಕೈಯನ್ನು ಕೇಳಿದರೆ ಲಿವರ್ ಫ್ರೇಮಿನ ಮೇಲಿರಲಿ ಎನ್ನುತ್ತದೆ. ಪಿನ್ನನ್ನು ನೇರವಾಗಿ ತಡೆಯಬೇಕೆಂದರೆ ಸ್ಲೈಡಿನ ಮೇಲೆ ಇಡುವುದೇ ಸಲೀಸು. ನೂರು ವರ್ಷದಿಂದ ಈ ಎಳೆದಾಟ ನಡೆದಿದೆ.

ಅಮೆರಿಕದ ಸೇನೆ 1911ರಲ್ಲಿ ತೆಗೆದುಕೊಂಡ ಕೋಲ್ಟ್ ಪಿಸ್ತೂಲಿನಲ್ಲಿ ಲಿವರ್ ಫ್ರೇಮಿನ ಮೇಲೆ, ಕೆಳಕ್ಕೆ ಒತ್ತಿದರೆ ಫೈರ್. ಅದೂ ಬ್ರೌನಿಂಗನದ್ದೇ. ಮುಷ್ಟಿ ಬಿಗಿಯಾದಾಗ ಹೆಬ್ಬೆರಳು ಸಹಜವಾಗಿ ಕೆಳಕ್ಕೇ ಬರುತ್ತದೆ, ಅಲ್ವಾ? ಅದಕ್ಕೆ ಹೊಂದುವ ಹಾಗೆ ಇಟ್ಟಿದ್ದಾನೆ. ಜರ್ಮನಿಯ ವಾಲ್ಟರ್ ಕಂಪನಿ 1929ರ ತನ್ನ ಪಿಪಿ ಪಿಸ್ತೂಲಿನಲ್ಲಿ ಲಿವರನ್ನು ಸ್ಲೈಡಿನ ಮೇಲಿಟ್ಟಿತು. ಅಲ್ಲಿ ಕೆಳಕ್ಕೆ ತಂದರೆ ಸೇಫ್. ಜೊತೆಗೆ ಎದ್ದು ನಿಂತ ಹ್ಯಾಮರ್, ಅಂದರೆ ಪಿನ್ನಿಗೆ ಬಡಿಯುವ ಸುತ್ತಿಗೆ, ಗುಂಡು ಹಾರಿಸದೆ ಕೆಳಗಿಳಿಯುತ್ತದೆ. ಇದನ್ನು ಡಿಕಾಕ್ ಮಾಡುವುದು ಎನ್ನುತ್ತಾರೆ. ರಷ್ಯಾದ ಮಕರೋವ್ ನೋಡಲು ವಾಲ್ಟರಿನ ತಮ್ಮನ ಹಾಗಿದೆ, ಲಿವರ್ ಕೂಡ ಸ್ಲೈಡಿನ ಮೇಲೇ ಇದೆ. ಆದರೆ ದಿಕ್ಕು ಉಲ್ಟಾ. ಮೇಲಕ್ಕೆ ಸೇಫ್, ಕೆಳಕ್ಕೆ ಫೈರ್. ಇಟಲಿಯ ಬೆರೆಟ್ಟಾ 92 ಮೊದಲು ಬಂದಾಗ ಲಿವರ್ ಫ್ರೇಮಿನ ಮೇಲೇ ಇತ್ತು. ಅಲ್ಲಿನ ಪೊಲೀಸರಿಗೆ ಡಿಕಾಕ್ ಬೇಕಾಯಿತು, ಲಿವರ್ ಸ್ಲೈಡಿಗೆ ಹತ್ತಿತು. 1985ರಲ್ಲಿ ಅಮೆರಿಕದ ಸೇನೆ ಅದನ್ನೇ ಆರಿಸಿಕೊಂಡಿತು. ಅಂದರೆ ಎಪ್ಪತ್ತು ಚಿಲ್ಲರೆ ವರ್ಷ ಕೆಳಕ್ಕೆ ಒತ್ತಿ ಫೈರ್ ಮಾಡಿದ ಸೇನೆಯ ಕೈಗೆ, ಕೆಳಕ್ಕೆ ಒತ್ತಿದರೆ ಸೇಫ್ ಆಗುವ ಪಿಸ್ತೂಲು ಬಂತು.

ಇದು ಎಂಥ ತೊಂದರೆ ಎಂದು ನನ್ನ ಕೈಗೇ ಗೊತ್ತಾಗಿದ್ದು ಲೆಬನಾನಿನಲ್ಲಿ. ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ನಮ್ಮ ಬಟಾಲಿಯನ್ ಇತ್ತು, ಇಟಲಿಯವರೂ ಇದ್ದರು. ಒಂದು ದಿನ ಅವರ ಆರ್ಮರರ್ ಒಬ್ಬ ತನ್ನ ಬೆರೆಟ್ಟಾದ ಮ್ಯಾಗಜಿನ್ (ಗುಂಡು ತುಂಬಿಡುವ ಡಬ್ಬಿ) ತೆಗೆದು, ಚೇಂಬರ್, ಅಂದರೆ ನಳಿಗೆಯ ಬುಡದಲ್ಲಿ ಗುಂಡು ಕೂರುವ ಜಾಗ, ಖಾಲಿ ಇರುವುದನ್ನು ನನಗೂ ತೋರಿಸಿ ಕೈಗೆ ಕೊಟ್ಟ. ಲಿವರ್ ಎರಡೂ ಮಗ್ಗುಲಲ್ಲಿ ಇತ್ತು! ಜನ್ಮದಲ್ಲಿ ಮೊದಲ ಸಲ ನನ್ನ ಎಡಗೈ ಹೆಬ್ಬೆರಳಿಗೆ ಒಂದು ಸೇಫ್ಟಿ ಸಿಕ್ಕಿತು. ಖುಷಿಯಲ್ಲಿ ಸ್ಲೈಡ್ ಎಳೆದು ಬಿಟ್ಟೆ, ಗುರಿ ಫಲಕದ ಕಡೆ ಹಿಡಿದೆ, ಅಭ್ಯಾಸಬಲದಿಂದ ಲಿವರ್ ಕೆಳಕ್ಕೆ ಒತ್ತಿದೆ. ‘ಟಕ್’ ಎಂದು ಹ್ಯಾಮರ್ ಬಿತ್ತು. ಟ್ರಿಗರ್ ಎಳೆದರೆ ಸಡಿಲ, ಜೀವವೇ ಇಲ್ಲ. ಫೈರ್‌ಗೆ ಹಾಕಿದೆ ಎಂದುಕೊಂಡವನು ಸೇಫ್ ಮಾಡಿಕೊಂಡು ನಿಂತಿದ್ದೆ. ಅವನು ನಕ್ಕ. ನನಗೆ ನಗು ಬರಲಿಲ್ಲ. ಇದರ ಉಲ್ಟಾ ಯೋಚಿಸಿ. ಬೆರೆಟ್ಟಾದಲ್ಲಿ ಪಳಗಿದವನು ನಮ್ಮ 1ಎ ಹಿಡಿದು, ಸೇಫ್ ಮಾಡುತ್ತೇನೆಂದು ಕೆಳಕ್ಕೆ ಒತ್ತಿದರೆ? ಅವನು ನಿಶ್ಚಿಂತೆಯಿಂದ ಹೋಲ್‌ಸ್ಟರಿಗೆ ಹಾಕಿಕೊಳ್ಳುವುದು ಫೈರ್‌ನಲ್ಲಿರುವ ಪಿಸ್ತೂಲನ್ನು.

ನಮ್ಮ ದೇಶದಲ್ಲಿ ಇನ್ನೊಂದು ವಿಷಯವೂ ಇದೆ. ನಮ್ಮ ಮನೆಯ ಕರೆಂಟ್ ಸ್ವಿಚ್ಚು ಕೆಳಕ್ಕೆ ಒತ್ತಿದರೆ ದೀಪ ಹತ್ತುತ್ತದೆ. ಅಮೆರಿಕದಲ್ಲಿ ಮೇಲಕ್ಕೆ. ಕೆಳಕ್ಕೆ ಎಂದರೆ ‘ಚಾಲೂ’ ಎಂದು ನಮ್ಮ ಬೆರಳಿಗೆ ಬಾಲ್ಯದಿಂದ ಗೊತ್ತು. ಕತ್ತಲೆಯಲ್ಲಿ, ಗಾಬರಿಯಲ್ಲಿ ಬೆರಳು ಆ ಬಾಲ್ಯದ ಪಾಠವನ್ನೇ ನಂಬುತ್ತದೆ ಎಂದು ನನ್ನ ಅನುಭವ.

ಈಗ ಆ ‘ಸ್ವಚ್ಛಗೊಳಿಸುವಾಗ’ ಎಂಬ ಮಾತಿಗೆ ಬರುತ್ತೇನೆ. ಜನ ಇದನ್ನು ಓದಿ, ಗುಂಡು ತೆಗೆಯದೆ ಒರೆಸಲು ಕೂತನಲ್ಲ, ಎಂಥ ದಡ್ಡ ಎಂದುಕೊಳ್ಳುತ್ತಾರೆ. ಆದರೆ ಒಳಗಿನ ಕಥೆ ಕೇಳಿ. 1ಎ ಪಿಸ್ತೂಲಿನಲ್ಲಿ ಹ್ಯಾಮರ್ ಎದ್ದಿದ್ದು ಸೇಫ್ಟಿ ಹಾಕಿದ್ದರೆ ಸ್ಲೈಡು ಅಲುಗುವುದಿಲ್ಲ. ಚೇಂಬರಿನಲ್ಲಿರುವ ಗುಂಡು ತೆಗೆಯಬೇಕೆಂದರೆ ಮೊದಲು ಫೈರ್‌ಗೆ ತರಬೇಕು. ಖಾಲಿ ಮಾಡುವ ಕೆಲಸವೇ ಸೇಫ್ಟಿ ತೆಗೆಯುವುದರಿಂದ ಶುರು! ಬೆರೆಟ್ಟಾದಲ್ಲಿ ಹಾಗಿಲ್ಲ, ಸೇಫ್ ಇಟ್ಟುಕೊಂಡೇ ಸ್ಲೈಡ್ ಎಳೆಯಬಹುದು. ಸ್ಲೈಡ್ ಮೇಲಿನ ಲಿವರಿಗೆ ಇದು ದೊಡ್ಡ ಗುಣ. ಅದರ ದೋಷ ಏನೆಂದರೆ, ಅವಸರದಲ್ಲಿ ಸ್ಲೈಡನ್ನು ಮೇಲಿನಿಂದ ಹಿಡಿದು ಎಳೆದರೆ ಅಂಗೈ ತಾಗಿ ಲಿವರ್ ತಾನೇ ಕೆಳಗೆ ಬಿದ್ದು ಸೇಫ್ ಆಗಿಬಿಡಬಹುದು.

1ಎ ಬಗ್ಗೆ ಇನ್ನೊಂದು ಮಾತು. ಮ್ಯಾಗಜಿನ್ ತೆಗೆದಿದ್ದರೆ ಅದರ ಟ್ರಿಗರ್ ಕೆಲಸ ಮಾಡುವುದಿಲ್ಲ. ಸುರಕ್ಷತೆಗೆಂದೇ ಮಾಡಿದ ಏರ್ಪಾಡು. ಒಳ್ಳೆಯ ಉದ್ದೇಶವೇ. ಆದರೆ ಕೆಲಸ ಮುಗಿದ ಮೇಲೆ ಎದ್ದ ಹ್ಯಾಮರ್ ಇಳಿಸಬೇಕಲ್ಲ? ಅದಕ್ಕೆ ಖಾಲಿ ಮ್ಯಾಗಜಿನ್ ಮತ್ತೆ ಹಾಕಿ ಟ್ರಿಗರ್ ಎಳೆಯಬೇಕು. ಮ್ಯಾಗಜಿನ್ ತೆಗೆದಾಗ ಚೇಂಬರಿನಲ್ಲಿ ಒಂದು ಗುಂಡು ಉಳಿದದ್ದನ್ನು ಒರೆಸಲು ಕೂತವನು ನೋಡಿಲ್ಲ ಎಂದಿಟ್ಟುಕೊಳ್ಳಿ. ಖಾಲಿ ಮ್ಯಾಗಜಿನ್ ಹಾಕಿದ, ಟ್ರಿಗರ್ ಎಳೆದ, ಢಂ! ಇನ್ನು ಗ್ಲಾಕ್. ಆಸ್ಟ್ರಿಯಾದ ಸೇನೆ 1982ರಲ್ಲಿ ಆರಿಸಿಕೊಂಡ ಈ ಪಿಸ್ತೂಲಿನಲ್ಲಿ ಹೆಬ್ಬೆರಳಿಗೆ ಸೇಫ್ಟಿ ಲಿವರೇ ಇಲ್ಲ. ಟ್ರಿಗರಿನ ಮಧ್ಯೆ ಒಂದು ಸಣ್ಣ ನಾಲಿಗೆ ಇದೆ, ಬೆರಳು ಅದನ್ನು ಒತ್ತದೆ ಟ್ರಿಗರ್ ಹಿಂದೆ ಬರುವುದಿಲ್ಲ. ಎಡಚನಿಗೂ ಬಲಗೈಯವನಿಗೂ ಒಂದೇ. ನನಗೆ ಇಷ್ಟವಾದ ಯೋಚನೆ. ಆದರೆ ಅದನ್ನು ಬಿಚ್ಚಬೇಕೆಂದರೆ ಮೊದಲು ಟ್ರಿಗರ್ ಎಳೆಯಲೇಬೇಕು. ಚೇಂಬರ್ ನೋಡಲು ಮರೆತವನಿಗೆ ಅಲ್ಲಿಯೂ ಗತಿ ಅದೇ. ನೋಡಲು ಮರೆತದ್ದು ಮನುಷ್ಯನ ತಪ್ಪು, ಖಂಡಿತ. ಆದರೆ ಒರೆಸುವುದಕ್ಕೂ ಟ್ರಿಗರ್ ಎಳೆಯುವಂತೆ ಮಾಡಿದ್ದು ವಿನ್ಯಾಸ.

ಮ್ಯಾಗಜಿನ್ ಬಿಡಿಸುವ ಗುಂಡಿಯ ವಿಷಯ ಚುಟುಕಾಗಿ ಹೇಳುತ್ತೇನೆ. ವಾಲ್ಟರ್ ಪಿ38, ಮಕರೋವ್‌ಗಳಲ್ಲಿ ಅದು ಹಿಡಿಯ ತಳದಲ್ಲಿದೆ. ನಿಧಾನ, ಎರಡೂ ಕೈ ಬೇಕು, ಆದರೆ ಮ್ಯಾಗಜಿನ್ ಅರಿವಿಲ್ಲದೆ ಬಿದ್ದು ಹೋಗುವುದಿಲ್ಲ. ನಮ್ಮದರಲ್ಲಿ ಟ್ರಿಗರ್ ಹಿಂದೆ ಎಡಮಗ್ಗುಲಲ್ಲಿ. ಅದನ್ನು ನಾನು ತೋರುಬೆರಳಿನಿಂದ ಒತ್ತುತ್ತಿದ್ದೆ, ಬಲಗೈಯವರಿಗಿಂತ ಬೇಗ. ಗ್ಲಾಕ್‌ನವರು 2010ರಿಂದ ಆ ಗುಂಡಿಯನ್ನು ಬೇಕಾದ ಮಗ್ಗುಲಿಗೆ ಬದಲಿಸಿಕೊಳ್ಳುವಂತೆ ಮಾಡಿದರು.

ಹಾಗಾದರೆ ಎಲ್ಲ ಲಿವರನ್ನೂ ಎರಡೂ ಮಗ್ಗುಲಿಗೆ ಇಟ್ಟರೆ ಆಯಿತಲ್ಲ ಎನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಸೊಂಟದಲ್ಲಿ ಕಟ್ಟಿದಾಗ ಹೊರಮಗ್ಗುಲಿನ ಲಿವರ್ ಜೀಪಿನ ಬಾಗಿಲಿಗೆ, ಕುರ್ಚಿಯ ಕೈಗೆ ತಾಗಿ ತಾನಾಗಿ ತಿರುಗಬಹುದು. ಎರಡು ಲಿವರ್ ಎಂದರೆ ನಡುವೆ ಒಂದು ಕೂಡಿಕೆ ಜಾಸ್ತಿ. ನಮ್ಮ ಕರಾವಳಿಯಲ್ಲಿ ಅದು ಸಣ್ಣ ಮಾತಲ್ಲ. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರಿನ ಆಸುಪಾಸು ಮಳೆ, ಮೇಲಿಂದ ಸಮುದ್ರದ ಉಪ್ಪುಗಾಳಿ. ಜೂನ್ ಬಂತೆಂದರೆ ನಮ್ಮನೆ ಕಿಟಕಿಯ ಚಿಲಕವೇ ತಿರುಗುವುದಿಲ್ಲ. ಸೇಫ್ಟಿಯನ್ನು ಅದರ ಜಾಗದಲ್ಲಿ ಹಿಡಿದಿಡುವುದು ಅಕ್ಕಿಕಾಳಿನಷ್ಟು ಮೊಳೆ ಮತ್ತು ಕೂದಲಿನಂಥ ಸ್ಪ್ರಿಂಗು. ಅಲ್ಲಿ ತುಕ್ಕು ಹಿಡಿದರೆ ಲಿವರ್ ಒಂದೋ ಕಚ್ಚಿಕೊಂಡು ನಿಲ್ಲುತ್ತದೆ, ಇಲ್ಲವೇ ಸಡಿಲವಾಗಿ ತೂಗಾಡುತ್ತದೆ. ಎರಡೂ ಅಪಾಯ. ಈ ಕಡೆ ಪಿಸ್ತೂಲು ಕಟ್ಟಿಕೊಂಡು ಓಡಾಡುವವರು ನಳಿಗೆಗೆ ಪುಲ್‌ಥ್ರೂ (ಒಳಗೆ ಒರೆಸುವ ಬಟ್ಟೆ ಕಟ್ಟಿದ ಹಗ್ಗ) ಎಳೆದು, ಚಿಂದಿಯಿಂದ ಹೊರಗೆ ಒರೆಸಿ ಸುಮ್ನೆ ಇಟ್ಟುಬಿಡುತ್ತಾರೆ. ಲಿವರಿನ ಬುಡಕ್ಕೆ ಒಂದು ಹನಿ ಎಣ್ಣೆ ಹಾಕುವುದಿಲ್ಲ. ಹಾಕಿ.

ಶಿರಸಿ ಹತ್ತಿರ ನಮ್ಮ ಭಾವನ ಅಡಿಕೆ ತೋಟವಿದೆ. ಬೆಳೆ ರಕ್ಷಣೆಗೆಂದು ಅವರ ತಂದೆಯ ಕಾಲದಿಂದ ಪರವಾನಗಿ ಇರುವ ಜೋಡಿ ನಳಿಗೆಯ ಕೋವಿ ಇದೆ. ಚುನಾವಣೆ ಬಂದಾಗ ಎಲ್ಲರ ಹಾಗೆ ಅದನ್ನೂ ಠಾಣೆಗೆ ಒಪ್ಪಿಸಿ ಬರುತ್ತಾರೆ. ಒಮ್ಮೆ ಅದನ್ನು ಒರೆಸಿಕೊಡಲು ಕೂತಿದ್ದೆ. ಅದರ ಸೇಫ್ಟಿ ನೋಡಿ. ಎಡವೂ ಇಲ್ಲ, ಬಲವೂ ಇಲ್ಲ. ಹಿಡಿಯ ಮೇಲೆ ಸರಿ ನಡುವೆ ಕೂತಿದೆ. ಹೆಬ್ಬೆರಳಿಂದ ಮುಂದಕ್ಕೆ ತಳ್ಳಿದರೆ ತಯಾರು. ಭಾವ ಬಲಗೈಯವರು, ನಾನು ಎಡಚ. ಇಬ್ಬರಿಗೂ ಅದು ಒಂದೇ ಥರ ಒಗ್ಗಿತು. ಮಧ್ಯೆ ಸ್ಲೈಡ್ ಓಡುವ ಪಿಸ್ತೂಲಿನಲ್ಲಿ ಹಾಗಿಡಲು ಜಾಗವಿಲ್ಲ, ಗೊತ್ತು. ಆದರೂ ಯಾವ ಕೈಯಾದರೂ ಬರಲಿ ಎಂದು ಯೋಚಿಸಿದವರು ಹಿಂದೆಯೂ ಇದ್ದರು ಎನ್ನಲು ಹೇಳಿದೆ.

ಇಷ್ಟೆಲ್ಲ ಈಗ ಬರೆಯಲು ಕಾರಣ ನನ್ನ ತಮ್ಮನ ಮಗಳು. ಹೋದ ವರ್ಷ ಪೊಲೀಸ್ ಕಾನ್‌ಸ್ಟೆಬಲ್ ಆಗಿ ಬೇರೆ ಜಿಲ್ಲೆಯಲ್ಲಿ ಕೆಲಸಕ್ಕೆ ಸೇರಿದಳು. ರಜೆಗೆ ಬಂದವಳು, ‘ದೊಡ್ಡಪ್ಪ, ನನ್ನ ಹೆಬ್ಬೆರಳು ಸೇಫ್ಟಿಗೆ ಮುಟ್ಟೋದೇ ಇಲ್ಲ. ಎಲ್ಲರೂ ಅಭ್ಯಾಸ ಸಾಲದು ಅಂತಾರೆ’ ಎಂದಳು. ಮುಖ ಸಪ್ಪಗಿತ್ತು. ಹಿತ್ತಲಲ್ಲಿ ಹಳೆ ಹಲಸಿನ ಹಲಗೆಯ ತುಂಡಿತ್ತು. ಅದನ್ನು ಪಿಸ್ತೂಲಿನ ಆಕಾರಕ್ಕೆ ಕೊಯ್ದೆ. ಹಿಡಿಯನ್ನು ಅಳತೆಗೆ ಸರಿಯಾಗಿ ದುಂಡಗೆ ಕೆತ್ತಿ, ಮರಳು ಕಾಗದದಿಂದ ಉಜ್ಜಿದೆ. ಎಡಮಗ್ಗುಲಿಗೆ ಎರಡು ಮೊಳೆ ಹೊಡೆದೆ. ಒಂದು 1ಎಯ ಸೇಫ್ಟಿ ಇರುವ ಜಾಗಕ್ಕೆ, ಇನ್ನೊಂದು ಅದಕ್ಕಿಂತ ಮೇಲೆ, ಬೆರೆಟ್ಟಾದ ಲಿವರ್ ಇರುವ ಜಾಗಕ್ಕೆ. ಅವಳಿಗೆ ಹಿಡಿಯಲು ಕೊಟ್ಟೆ. ಹೆಬ್ಬೆರಳ ತುದಿ ಕೆಳಗಿನ ಮೊಳೆಗೆ ಬರೀ ಸವರಿತು. ಒತ್ತುವಷ್ಟು ಬಲ ಹಾಕಬೇಕೆಂದರೆ ಹಿಡಿತ ಸಡಿಲಿಸಿ ಅಂಗೈ ಹೊರಳಿಸಬೇಕಾಯಿತು. ಹೊರಳಿಸಿದ ತಕ್ಷಣ ನಳಿಗೆಯ ತುದಿ ಗೋಡೆಯ ಕ್ಯಾಲೆಂಡರಿನಿಂದ ಸರಿದು ಬಾಗಿಲಿನ ಕಡೆ ತಿರುಗಿತು. ಮೇಲಿನ ಮೊಳೆ ಕೈಗೇ ಸಿಗಲಿಲ್ಲ. ಅಡುಗೆಮನೆಯಿಂದ ಅವಳ ಅಮ್ಮ ಬಂದು ಹಿಡಿದು ನೋಡಿದರು, ಅವರಿಗೂ ಅಷ್ಟೇ. ನಾನು ಹಿಡಿಯನ್ನು ಒಂದು ನೂಲು ತೆಳ್ಳಗೆ ಕೆತ್ತಿ, ಕೆಳಗಿನ ಮೊಳೆಗೆ ಚಪ್ಪಟೆ ತಗಡಿನ ತುಂಡು ಅಂಟಿಸಿ ಅಗಲ ಮಾಡಿದೆ. ಈ ಸಲ ಹಿಡಿತ ಅಲುಗದೆ ಬೆರಳು ಕೂತಿತು. ‘ಹಾಗಾದ್ರೆ ನನ್ನ ಕೈದು ತಪ್ಪಲ್ಲ’ ಎಂದಳು. ನನಗೆ ಆಚಾರಿಯ ನೆನಪಾಗಿ ಮಾತೇ ಬರಲಿಲ್ಲ.

ಇದು ಅಸಾಧ್ಯದ ಕೆಲಸವೇನೂ ಅಲ್ಲ. ಹೈಪವರಿಗೆ 1980ರ ದಶಕದಲ್ಲೇ ಅಗಲವಾದ, ಎರಡೂ ಮಗ್ಗುಲಿನ ಸೇಫ್ಟಿ ಬಂತು. ಅಮೆರಿಕದ ಸೇನೆ 2017ರಲ್ಲಿ ಬೆರೆಟ್ಟಾ ಬಿಟ್ಟು ಸಿಗ್ ಕಂಪನಿಯ ಪಿಸ್ತೂಲು ಆರಿಸಿದಾಗ ಲಿವರ್ ಮತ್ತೆ ಫ್ರೇಮಿಗೆ ಇಳಿಯಿತು, ಎರಡೂ ಮಗ್ಗುಲಿಗೆ ಬಂತು, ಕೆಳಕ್ಕೆ ಒತ್ತಿದರೆ ಫೈರ್. ಹಿಡಿಯೂ ಸಣ್ಣ, ನಡು, ದೊಡ್ಡ ಅಳತೆಗಳಲ್ಲಿ ಸಿಗುತ್ತದೆ.

ಪಿಸ್ತೂಲು ಕೊಳ್ಳುವವರಲ್ಲಿ, ಹಂಚುವವರಲ್ಲಿ ನನ್ನ ಕೋರಿಕೆ ಇಷ್ಟು. ಕೊಡುವ ಮೊದಲು ಖಾಲಿ ಪಿಸ್ತೂಲನ್ನು ಆ ವ್ಯಕ್ತಿಯ ಕೈಗೆ ಕೊಟ್ಟು, ಹಿಡಿತ ಬದಲಿಸದೆ ಬೆರಳು ಎಟುಕುತ್ತದೆಯೇ ಎಂದು ನೋಡಿ. ಎರಡು ನಿಮಿಷದ ಕೆಲಸ. ಎಡಚರನ್ನು ಬಲಗೈಗೆ ಒತ್ತಾಯಿಸಬೇಡಿ. ಒಂದು ದಿಕ್ಕಿನ ಲಿವರಿನಲ್ಲಿ ಪಳಗಿದವರ ಕೈಗೆ ಉಲ್ಟಾ ದಿಕ್ಕಿನದು ಕೊಡಬೇಕಾಗಿ ಬಂದರೆ, ಸಹಿ ಹಾಕಿಸಿಕೊಂಡು ಕಳಿಸಬೇಡಿ. ಖಾಲಿ ಪಿಸ್ತೂಲಿನಲ್ಲಿ ಬೆರಳಿಗೆ ಹೊಸ ದಾರಿ ರೂಢಿಯಾಗುವ ತನಕ ಮಾಡಿಸಿ. ನಿಮ್ಮ ವರದಿಗಾರರಲ್ಲಿ ಇನ್ನೂ ಒಂದು ವಿನಂತಿ. ಮುಂದಿನ ಸಲ ‘ಆಕಸ್ಮಿಕ ಗುಂಡು’ ಎಂದು ಬರೆಯುವಾಗ ಪಿಸ್ತೂಲು ಯಾವುದು, ಸೇಫ್ಟಿ ಎಲ್ಲಿತ್ತು ಎಂದು ಠಾಣೆಯಲ್ಲಿ ಕೇಳಿ, ಒಂದೇ ಒಂದು ಸಾಲು ಸೇರಿಸಿ. ಹತ್ತು ಸುದ್ದಿಯಲ್ಲಿ ಆ ಒಂದು ಸಾಲು ಇದ್ದರೆ, ಯಾವ ಪಿಸ್ತೂಲು ಯಾವ ಕೈಗೆ ತೊಂದರೆ ಕೊಡುತ್ತಿದೆ ಎಂದು ನಮ್ಮಂಥವರಿಗೆ ಕಾಣತೊಡಗುತ್ತದೆ.

ಹಲಸಿನ ಪಿಸ್ತೂಲನ್ನು ಮಗಳು ಚೀಲದಲ್ಲಿಟ್ಟುಕೊಂಡು ಹೋದಳು. ಮೊನ್ನೆ ಫೋನ್ ಮಾಡಿದ್ದಳು. ‘ದೊಡ್ಡಪ್ಪ, ನಮ್ಮಲ್ಲಿ ಇಬ್ಬರು ಎಡಚರು ಇದ್ದಾರೆ. ಬಲಮಗ್ಗುಲಿಗೆ ಮೊಳೆ ಹೊಡೆದು ಇನ್ನೊಂದು ಮಾಡಿಕೊಡ್ತೀರಾ?’ ಎಂದು ಕೇಳಿದಳು. ಹಲಗೆ ಕೊಯ್ದಿಟ್ಟಿದ್ದೇನೆ.

ಇಂತಿ,
ನಿವೃತ್ತ ಆರ್ಮರರ್ ಹವಾಲ್ದಾರ್
ಸದಾಶಿವಗಡ, ಕಾರವಾರ ತಾಲೂಕು